ಶುಗರ್ ಇದ್ದವರು ಸೊರಗುವುದೇಕೆ? ಇನ್ಸುಲಿನ್, ಅಮೈನೊ ಆಮ್ಲ ಮತ್ತು ಶೇಂಗಾ ಕುರಿತ ಫಾರ್ವರ್ಡ್‌ಗಳ ನಿಜಾಂಶ

ವಾಟ್ಸಾಪ್ ಗುಂಪುಗಳಲ್ಲಿ ಶುಗರ್ ಕಾಯಿಲೆ ಬಗ್ಗೆ ಬರುವ ಸಂದೇಶಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಮೂರು ಬಗೆಯ ಮಾತು ಮತ್ತೆ ಮತ್ತೆ ತಿರುಗಿ ಬರುತ್ತವೆ. ಒಂದು: "ಶುಗರ್ ಇದ್ದವರ ರಕ್ತದಲ್ಲಿ ಅಮೈನೊ ಆಮ್ಲ ಹೆಚ್ಚಾಗಿರುತ್ತದೆ, ಆದ್ದರಿಂದ ಶೇಂಗಾ, ಬೇಳೆ, ಮೊಟ್ಟೆ ಬಿಡಿ." ಎರಡು, ಇದಕ್ಕೆ ಪೂರ್ತಿ ವಿರುದ್ಧ: "ಅಮೈನೊ ಆಮ್ಲದ ಪುಡಿ ಕುಡಿಯಿರಿ, ಇನ್ಸುಲಿನ್ ಸೂಜಿ ಬೇಕಾಗುವುದಿಲ್ಲ." ಮೂರು: "ಇನ್ಸುಲಿನ್ ಒಮ್ಮೆ ಹಿಡಿದರೆ ಚಟ, ತೂಕ ಇಳಿಯುತ್ತಿದ್ದರೆ ಕಾಯಿಲೆ ತಾನಾಗಿಯೇ ಹತೋಟಿಗೆ ಬರುತ್ತಿದೆ ಎಂದು ತಿಳಿಯಿರಿ."

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಇವು ದೂರದ ಮಾತಲ್ಲ. ಇಲ್ಲಿನ ಮಳೆಯಾಶ್ರಿತ ಹೊಲಗಳ ಮುಖ್ಯ ಬೆಳೆಯೇ ಶೇಂಗಾ. ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು ಬಂದದ್ದೂ ಅದರಿಂದಲೇ. ಚಟ್ನಿಪುಡಿಯಲ್ಲಿ ಶೇಂಗಾ, ಒಗ್ಗರಣೆಯಲ್ಲಿ ಶೇಂಗಾ, ಸಂಜೆ ಬಾಯಾಡಿಸಲಿಕ್ಕೂ ಶೇಂಗಾ. ಅದನ್ನು ಬಿಡಿ ಎಂದರೆ ಅಡುಗೆಮನೆಯ ಅರ್ಧ ಪ್ರೋಟೀನ್ ಬಿಟ್ಟಂತೆ. ಇನ್ಸುಲಿನ್ ಬಿಡಿ ಎಂದರೆ ಅದಕ್ಕಿಂತ ದೊಡ್ಡ ಅಪಾಯ. ಹಾಗಾಗಿ ಈ ಮೂರೂ ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಚುಟುಕು ಉತ್ತರ

ಶುಗರ್ ಇದ್ದವರ ರಕ್ತದಲ್ಲಿ ಕೆಲವು ಅಮೈನೊ ಆಮ್ಲಗಳು ಹೆಚ್ಚಿರುತ್ತವೆ ಎಂಬುದು ನಿಜ. ಆದರೆ ಅದಕ್ಕೆ ಮುಖ್ಯ ಕಾರಣ ತಿಂದ ಶೇಂಗಾ ಅಲ್ಲ. ಇನ್ಸುಲಿನ್ ತೀರ ಕಡಿಮೆಯಾದಾಗ ಸ್ವಂತ ಸ್ನಾಯುಗಳೇ ಕರಗಿ ಅವು ರಕ್ತಕ್ಕೆ ಸೇರುತ್ತವೆ. ಇನ್ಸುಲಿನ್ ಇದ್ದೂ ಸರಿಯಾಗಿ ಕೆಲಸ ಮಾಡದಿದ್ದಾಗ ಅವು ಖರ್ಚಾಗದೆ ಉಳಿಯುತ್ತವೆ. ಇದಕ್ಕೆ ಮದ್ದು ಬೇಳೆ ಬಿಡುವುದೂ ಅಲ್ಲ, ಪುಡಿ ಕುಡಿಯುವುದೂ ಅಲ್ಲ. ವೈದ್ಯರು ಹೇಳಿದ ಚಿಕಿತ್ಸೆಯನ್ನು ನಿಲ್ಲಿಸದೆ ಮುಂದುವರಿಸುವುದು.

ಅಮೈನೊ ಆಮ್ಲ ಎಂದರೇನು?

ಹೆಸರಿನಲ್ಲಿ ಆಮ್ಲ ಎಂದಿದ್ದರೂ ಹೆದರಬೇಕಾಗಿಲ್ಲ. ಪ್ರೋಟೀನ್ ಎಂಬುದು ಒಂದು ಸರ ಎಂದುಕೊಂಡರೆ ಅದರ ಒಂದೊಂದು ಮಣಿಯೂ ಒಂದು ಅಮೈನೊ ಆಮ್ಲ. ನಮ್ಮ ದೇಹದ ಪ್ರೋಟೀನ್‌ಗಳಿಗೆಲ್ಲ ಮುಖ್ಯವಾಗಿ 20 ಬಗೆಯ ಮಣಿಗಳು ಸಾಕು. ಅವುಗಳಲ್ಲಿ 9ನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು.

ಸುತ್ತ ನೋಡಿದರೆ ಇಂಥ ಸರಗಳು ಕೈಗೇ ಸಿಗುತ್ತವೆ. ಮೊಳಕಾಲ್ಮೂರಿನ ಮಗ್ಗದ ಮೇಲಿರುವ ರೇಷ್ಮೆ ಎಳೆ ಒಂದು ಪ್ರೋಟೀನ್. ಅದರಲ್ಲಿ ಗ್ಲೈಸಿನ್, ಅಲನಿನ್, ಸೆರಿನ್ ಎಂಬ ಮಣಿಗಳೇ ಹೆಚ್ಚು. ಚಳ್ಳಕೆರೆ ಕಡೆಯ ಕುರಿ ಕಂಬಳಿಯ ಉಣ್ಣೆಯೂ ಪ್ರೋಟೀನ್. ಹುರುಳಿ, ತೊಗರಿ, ಶೇಂಗಾ, ಮೊಟ್ಟೆ, ಮಾಂಸ, ಹಾಲು ಇವೆಲ್ಲದರಲ್ಲೂ ಅದಿದೆ. ನಮ್ಮ ತೋಳು, ತೊಡೆಯ ಸ್ನಾಯುಗಳು ಅದರಿಂದಲೇ ಆಗಿವೆ. ಇನ್ಸುಲಿನ್ ಕೂಡ ಒಂದು ಪುಟ್ಟ ಪ್ರೋಟೀನ್, 51 ಅಮೈನೊ ಆಮ್ಲಗಳ ಜೋಡಣೆ. ಈ ಜೋಡಣೆಯ ಕ್ರಮವನ್ನು ಕಂಡುಹಿಡಿದದ್ದಕ್ಕೇ ಬ್ರಿಟನ್ನಿನ ಫ್ರೆಡ್ರಿಕ್ ಸ್ಯಾಂಗರ್ ಅವರಿಗೆ 1958ರಲ್ಲಿ ನೊಬೆಲ್ ಬಂತು.

ಉಂಡ ಪ್ರೋಟೀನ್ ಹೊಟ್ಟೆ, ಕರುಳುಗಳಲ್ಲಿ ಒಡೆದು ಅಮೈನೊ ಆಮ್ಲಗಳಾಗಿ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಆರೋಗ್ಯವಂತರ ರಕ್ತದಲ್ಲೂ ಅಮೈನೊ ಆಮ್ಲಗಳು ಯಾವಾಗಲೂ ಇದ್ದೇ ಇರುತ್ತವೆ. ಇರಲೇಬೇಕು ಕೂಡ.

ಇನ್ಸುಲಿನ್ನಿನ ಎರಡನೇ ಕೆಲಸ

ಇನ್ಸುಲಿನ್ ಎಂದರೆ ಸಕ್ಕರೆ ಇಳಿಸುವ ಹಾರ್ಮೋನು ಎಂದಷ್ಟೇ ನಮಗೆ ಗೊತ್ತು. ಅದು ಅರ್ಧ ಮಾತು. ಊಟವಾದ ಮೇಲೆ ಮೇದೋಜೀರಕ ಗ್ರಂಥಿಯಿಂದ ಹೊರಡುವ ಇನ್ಸುಲಿನ್ ಸ್ನಾಯುಗಳಿಗೆ ಇನ್ನೊಂದು ಸಂದೇಶವನ್ನೂ ಕೊಡುತ್ತದೆ: "ಈಗ ಹೊರಗಿನಿಂದ ಊಟ ಬಂದಿದೆ, ನಿಮ್ಮ ಪ್ರೋಟೀನ್ ಒಡೆಯುವುದನ್ನು ನಿಲ್ಲಿಸಿ."

ನಮ್ಮ ಸ್ನಾಯುಗಳು ಕಲ್ಲಿನ ಕಟ್ಟಡದಂತೆ ಒಮ್ಮೆ ಕಟ್ಟಿ ಬಿಟ್ಟವಲ್ಲ. ಪ್ರತಿದಿನ ಒಂದಿಷ್ಟು ಒಡೆಯುತ್ತಿರುತ್ತವೆ, ಒಂದಿಷ್ಟು ಕಟ್ಟುತ್ತಿರುತ್ತವೆ. ರಾತ್ರಿ ಉಪವಾಸದಲ್ಲಿ ಒಡೆಯುವುದು ಸ್ವಲ್ಪ ಹೆಚ್ಚು, ಊಟದ ನಂತರ ಕಟ್ಟುವುದು ಹೆಚ್ಚು. ಈ ತಕ್ಕಡಿಯನ್ನು ಸರಿಯಾಗಿ ಹಿಡಿದಿರುವ ಕೈಗಳಲ್ಲಿ ಇನ್ಸುಲಿನ್ ಮುಖ್ಯವಾದದ್ದು. ಅದಕ್ಕೇ ಆರೋಗ್ಯವಂತರಿಗೆ ಬರೀ ಗ್ಲೂಕೋಸ್ ನೀರು ಕುಡಿಸಿದರೂ ಅವರ ರಕ್ತದಲ್ಲಿ ಅಮೈನೊ ಆಮ್ಲಗಳು ಇಳಿಯುತ್ತವೆ. ಗ್ಲೂಕೋಸ್‌ನಲ್ಲಿ ಪ್ರೋಟೀನ್ ಇಲ್ಲ. ಆದರೆ ಅದರಿಂದ ಹೊರಟ ಇನ್ಸುಲಿನ್ ಸ್ನಾಯು ಒಡೆಯುವುದನ್ನು ತಡೆಯುತ್ತದೆ.

ಹೀಗೆ ಎದ್ದು ಕಾಣುವಂತೆ ಇಳಿಯುವವು ಮೂರು: ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ಇವುಗಳ ಅಣುವಿನಲ್ಲಿ ಮರದ ಕೊಂಬೆಯಂತೆ ಕವಲು ಇರುವುದರಿಂದ ಕವಲು ಅಮೈನೊ ಆಮ್ಲಗಳು ಎನ್ನುತ್ತಾರೆ. ಜಿಮ್‌ಗೆ ಹೋಗುವ ಹುಡುಗರ ಡಬ್ಬಿಗಳ ಮೇಲೆ ಬಿಸಿಎಎ ಎಂದು ಬರೆದಿರುವುದು ಇವುಗಳನ್ನೇ. ಬೇರೆ ಅಮೈನೊ ಆಮ್ಲಗಳನ್ನು ಯಕೃತ್ತು, ಅಂದರೆ ಲಿವರ್, ಮೊದಲು ಹಿಡಿದು ಬಳಸಿಕೊಳ್ಳುತ್ತದೆ. ಈ ಮೂರು ಮಾತ್ರ ಹೆಚ್ಚಾಗಿ ಲಿವರ್ ದಾಟಿ ಸ್ನಾಯುಗಳನ್ನು ಸೇರುತ್ತವೆ. ಆದ್ದರಿಂದ ಸ್ನಾಯುವಿನಲ್ಲಿ ಏನು ನಡೆಯುತ್ತಿದೆ ಎಂಬುದಕ್ಕೆ ಇವು ಒಳ್ಳೆಯ ಗುರುತು.

ಇನ್ಸುಲಿನ್ ಇಲ್ಲದಾಗ ಏನಾಗುತ್ತದೆ?

ಟೈಪ್ 1 ಮಧುಮೇಹದಲ್ಲಿ ದೇಹ ಇನ್ಸುಲಿನ್ ತಯಾರಿಸುವುದೇ ಬಹುಮಟ್ಟಿಗೆ ನಿಂತುಹೋಗುತ್ತದೆ. ಹೆಚ್ಚಾಗಿ ಮಕ್ಕಳಲ್ಲಿ, ಯುವಕರಲ್ಲಿ ಶುರುವಾಗುತ್ತದೆ, ಯಾವ ವಯಸ್ಸಿನಲ್ಲಾದರೂ ಬರಬಹುದು. ಸೂಜಿ ನಿಂತರೆ ನಡೆಯುವುದು ಹೀಗೆ.

ಮೊದಲಿಗೆ, ಸ್ನಾಯುಗಳಿಗೆ "ನಿಲ್ಲಿಸಿ" ಎನ್ನುವವರು ಇರುವುದಿಲ್ಲ. ಪ್ರೋಟೀನ್ ಒಡೆದು ಅಮೈನೊ ಆಮ್ಲಗಳು ರಕ್ತಕ್ಕೆ ಸುರಿಯುತ್ತವೆ. ಕವಲು ಅಮೈನೊ ಆಮ್ಲಗಳ ಮಟ್ಟ ಎರಡು ಪಟ್ಟಿಗೂ ಮೇಲೆ ಏರಬಹುದು.

ಎರಡನೆಯದಾಗಿ, ಅಲನಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಏರುವ ಬದಲು ಇಳಿಯುತ್ತದೆ. ಲಿವರ್ ಅದನ್ನು ಎಳೆದುಕೊಂಡು ಗ್ಲೂಕೋಸ್ ಮಾಡಲು ತೊಡಗಿರುತ್ತದೆ. ರಕ್ತದಲ್ಲಿ ಸಕ್ಕರೆ ಈಗಾಗಲೇ ತುಂಬಿ ತುಳುಕುತ್ತಿದ್ದರೂ ಲಿವರ್ ಸ್ನಾಯುವಿನ ಸರಕಿನಿಂದ ಇನ್ನಷ್ಟು ಸಕ್ಕರೆ ಮಾಡುತ್ತಲೇ ಇರುತ್ತದೆ. ಅನ್ನ ಬಿಟ್ಟು, ಮುದ್ದೆ ಬಿಟ್ಟು ಉಪವಾಸ ಮಾಡಿದರೂ ಇಂಥವರ ಶುಗರ್ ಇಳಿಯದಿರುವುದಕ್ಕೆ ಇದೂ ಒಂದು ಕಾರಣ.

ಮೂರನೆಯದಾಗಿ, ಒಡೆದ ಅಮೈನೊ ಆಮ್ಲಗಳಲ್ಲಿದ್ದ ಸಾರಜನಕ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ಹೆಚ್ಚಾದ ಸಕ್ಕರೆಯೂ ಅದೇ ದಾರಿ ಹಿಡಿಯುತ್ತದೆ. ಕೊಬ್ಬು ಕರಗಿ ಕೀಟೋನ್ ಎಂಬ ಆಮ್ಲಗಳಾಗುತ್ತವೆ. ರಕ್ತ ಆಮ್ಲೀಯವಾಗುವ ಈ ಸ್ಥಿತಿಗೆ ಕೀಟೋಅಸಿಡೋಸಿಸ್ ಎಂದು ಹೆಸರು. ಚಿಕಿತ್ಸೆ ಸಿಗದಿದ್ದರೆ ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಒಂದೇ ದಿನದಲ್ಲಿ ಜೀವಕ್ಕೆ ಅಪಾಯ.

ಇದನ್ನು ಮಗ್ಗದ ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಅಂಗಳದಲ್ಲಿ ಸೌದೆ ರಾಶಿ ಬಿದ್ದಿದ್ದರೂ ಅದು ಒಲೆಗೆ ತಲುಪದೆ, ಮಗ್ಗವನ್ನೇ ಮುರಿದು ಉರಿಸಿದ ಹಾಗೆ. ಸೌದೆ ಎಂದರೆ ಸಕ್ಕರೆ. ಮಗ್ಗ ಎಂದರೆ ದುಡಿಯುವ ಸ್ನಾಯು.

ಸುಮಾರು 2ನೇ ಶತಮಾನದ ಗ್ರೀಕ್ ವೈದ್ಯ ಅರಿಟಿಯಸ್ ಈ ಕಾಯಿಲೆಯನ್ನು ಮೈಮಾಂಸ ಕರಗಿ ಮೂತ್ರವಾಗಿ ಹೋಗುವ ರೋಗವೆಂದು ವರ್ಣಿಸಿದ್ದ. ಕೆನಡಾದ ಟೊರೊಂಟೊದಲ್ಲಿ 1922ರ ಜನವರಿಯಲ್ಲಿ ಮೊದಲ ಬಾರಿಗೆ ಇನ್ಸುಲಿನ್ ಚಿಕಿತ್ಸೆ ಪಡೆದ ಲಿಯೊನಾರ್ಡ್ ಥಾಂಪ್ಸನ್‌ಗೆ ಆಗ 14 ವರ್ಷ. ಅವನ ತೂಕ ಬರೀ 29 ಕೆ.ಜಿ. ಆಸುಪಾಸು. ಸಾವಿನ ಅಂಚಿನಲ್ಲಿದ್ದ ಆ ಹುಡುಗ ಮತ್ತೆ 13 ವರ್ಷ ಬದುಕಿದ. ಅಂದಿನ ಮಕ್ಕಳ ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಚಿತ್ರಗಳನ್ನು ನೋಡಿದರೆ ಎಲುಬಿನ ಗೂಡಿನ ಮೇಲೆ ಮತ್ತೆ ಮಾಂಸ ತುಂಬಿರುವುದು ಕಾಣುತ್ತದೆ. ಅಲ್ಲಿ ಇನ್ಸುಲಿನ್ ಇಳಿಸಿದ್ದು ಸಕ್ಕರೆಯನ್ನಷ್ಟೇ ಅಲ್ಲ, ಕರಗುತ್ತಿದ್ದ ಸ್ನಾಯುವನ್ನೂ ನಿಲ್ಲಿಸಿತು.

ಟೈಪ್ 2ರಲ್ಲಿ ಕಥೆ ಬೇರೆ

ನಮ್ಮಲ್ಲಿ ಬಹುಪಾಲು ಜನರಿಗೆ ಇರುವುದು ಟೈಪ್ 2. ಇಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ಅದರ ಮಾತನ್ನು ದೇಹ ಸರಿಯಾಗಿ ಕೇಳುವುದಿಲ್ಲ. ಇದನ್ನು ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ಇಂಥವರಲ್ಲಿ ಕವಲು ಅಮೈನೊ ಆಮ್ಲಗಳ ಏರಿಕೆ ಸಣ್ಣದು, ಆದರೆ ವರ್ಷಗಟ್ಟಲೆ ಇರುವಂಥದ್ದು. ಕೊಬ್ಬಿನ ಅಂಗಾಂಶ ಮತ್ತು ಲಿವರ್‌ನಲ್ಲಿ ಇವುಗಳನ್ನು ಸುಟ್ಟು ಬಳಸುವ ಕಿಣ್ವಗಳು ನಿಧಾನವಾಗುವುದು ಇದಕ್ಕೆ ಒಂದು ದೊಡ್ಡ ಕಾರಣ. ಒಳಬರುವುದು ಹೆಚ್ಚಾಗಿರಬೇಕೆಂದಿಲ್ಲ, ಖರ್ಚು ಕಡಿಮೆಯಾಗಿರುತ್ತದೆ.

ಬೊಜ್ಜು ಇರುವವರಲ್ಲಿ ಇನ್ಸುಲಿನ್ ಮಟ್ಟದ ಜೊತೆಗೆ ಈ ಅಮೈನೊ ಆಮ್ಲಗಳೂ ಏರಿರುವುದನ್ನು ಅಮೆರಿಕದ ಫಿಲಿಪ್ ಫೆಲಿಗ್ ಮತ್ತು ಸಂಗಡಿಗರು 1969ರಲ್ಲೇ ವರದಿ ಮಾಡಿದ್ದರು. 2011ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಿಂದ ಇನ್ನೊಂದು ಮುಖ್ಯ ಸಂಗತಿ ಹೊರಬಂತು. ಸಕ್ಕರೆ ಸರಿಯಾಗಿಯೇ ಇದ್ದ 2,422 ಜನರನ್ನು 12 ವರ್ಷ ಗಮನಿಸಿದಾಗ 201 ಮಂದಿಗೆ ಮಧುಮೇಹ ಬಂತು. ಅವರ ಹಳೆಯ ರಕ್ತದ ಮಾದರಿಗಳಲ್ಲಿ ಮೂರು ಕವಲು ಅಮೈನೊ ಆಮ್ಲಗಳು, ಜೊತೆಗೆ ಟೈರೊಸಿನ್ ಮತ್ತು ಫಿನೈಲ್‌ಅಲನಿನ್ ಮೊದಲೇ ಹೆಚ್ಚಾಗಿದ್ದವು. ಲಂಡನ್ನಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾದವರನ್ನೂ ಯುರೋಪಿನವರನ್ನೂ ಹೋಲಿಸಿದ ಸೇಬರ್ ಅಧ್ಯಯನದಲ್ಲಿ, ನಮ್ಮ ಕಡೆಯ ಜನರಲ್ಲಿ ಟೈರೊಸಿನ್ ಹೆಚ್ಚಿರುವುದಕ್ಕೂ ಮುಂದೆ ಮಧುಮೇಹ ಬರುವುದಕ್ಕೂ ನಂಟು ಗಟ್ಟಿಯಾಗಿ ಕಂಡಿತು.

ಫಾರ್ವರ್ಡ್‌ಗಳು ಎಡವುವುದು ಇಲ್ಲೇ. "ಅಮೈನೊ ಆಮ್ಲ ಹೆಚ್ಚಿದ್ದವರಿಗೆ ಶುಗರ್ ಬಂತು" ಎಂಬುದನ್ನು "ಪ್ರೋಟೀನ್ ತಿಂದರೆ ಶುಗರ್ ಬರುತ್ತದೆ" ಎಂದು ತಿರುಗಿಸಿಬಿಡುತ್ತಾರೆ. ಇನ್ಸುಲಿನ್ ಪ್ರತಿರೋಧವೇ ಅಮೈನೊ ಆಮ್ಲಗಳನ್ನು ಏರಿಸುತ್ತದೆ ಎನ್ನುವುದಕ್ಕೆ ಆಧಾರಗಳಿವೆ. ಏರಿದ ಮೇಲೆ ಅವೂ ಕಾಯಿಲೆಗೆ ಸ್ವಲ್ಪ ಕೈಜೋಡಿಸಬಹುದೇ ಎಂಬುದರ ಬಗ್ಗೆ ವಿಜ್ಞಾನಿಗಳ ನಡುವೆ ಚರ್ಚೆ ಇನ್ನೂ ನಡೆದಿದೆ. ಹೊಗೆ ಕಂಡಲ್ಲಿ ಬೆಂಕಿ ಇರಬಹುದು, ಆದರೆ ಹೊಗೆಯಿಂದಲೇ ಬೆಂಕಿ ಹತ್ತಿತು ಎನ್ನಲಾಗದು.

ಹಾಗಾದರೆ ಶೇಂಗಾ, ಹುರುಳಿ ಬಿಡಬೇಕೆ?

ಬೇಡ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಅದು ರಕ್ತದ ಸಕ್ಕರೆಯನ್ನು ತಟ್ಟನೆ ಏರಿಸುವ ಪದಾರ್ಥವೂ ಅಲ್ಲ. ಎಚ್ಚರ ಬೇಕಾದದ್ದು ಬೇರೆ ಕಡೆ: ಅದರಲ್ಲಿ ಅರ್ಧದಷ್ಟು ಎಣ್ಣೆ. 30 ಗ್ರಾಂ, ಅಂದರೆ ಒಂದು ಹಿಡಿ ಶೇಂಗಾಕ್ಕೆ ಸುಮಾರು 170 ಕ್ಯಾಲರಿ. ಒಂದು ಹಿಡಿ ಒಳ್ಳೆಯದು. ಮಾತಾಡುತ್ತಾ ಕೂತು ಅರ್ಧ ಸೇರು ಮುಗಿಸಿದರೆ ತೂಕ ಏರುತ್ತದೆ. ಬೆಲ್ಲ ಹಾಕಿದ ಚಿಕ್ಕಿಯ ಲೆಕ್ಕವೇ ಬೇರೆ.

ಯಾವ ಅಮೈನೊ ಆಮ್ಲ ನಮಗೆ ಎಷ್ಟು ಬೇಕು ಎಂಬ ಲೆಕ್ಕವನ್ನು ಜಗತ್ತು ತಿದ್ದಿಕೊಂಡದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಡಾ. ಅನುರಾ ಕುರ್ಪಾಡ್ ಮತ್ತು ಸಂಗಡಿಗರು, ಅಮೆರಿಕದ ಎಂಐಟಿಯ ವರ್ನನ್ ಯಂಗ್ ಅವರ ಜೊತೆಗೂಡಿ, ಭಾರತೀಯ ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿದರು. ಗುರುತು ಹಾಕಿದ ಇಂಗಾಲವಿರುವ ಲ್ಯೂಸಿನ್ ಕೊಟ್ಟು, 24 ಗಂಟೆ ಅವರ ಉಸಿರಿನಲ್ಲಿ ಎಷ್ಟು ಹೊರಬರುತ್ತದೆ ಎಂದು ಅಳೆಯುವ ವಿಧಾನ ಅದು. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ವಯಸ್ಕರಿಗೆ ದಿನಕ್ಕೆ ದೇಹದ ಪ್ರತಿ ಕೆ.ಜಿ. ತೂಕಕ್ಕೆ 12 ಮಿಲಿಗ್ರಾಂ ಲೈಸಿನ್ ಸಾಕೆಂದಿತ್ತು. ಇಂಥ ಅಧ್ಯಯನಗಳ ಬಲದಿಂದ 2007ರ ವರದಿಯಲ್ಲಿ ಅದು 30 ಮಿಲಿಗ್ರಾಂ ಆಯಿತು.

ಇದು ನಮ್ಮ ತಟ್ಟೆಗೆ ನೇರ ಸಂಬಂಧಿಸಿದ್ದು. ರಾಗಿ, ಅಕ್ಕಿ, ಜೋಳ ಎಲ್ಲದರಲ್ಲೂ ಲೈಸಿನ್ ಕಡಿಮೆ. ಶೇಂಗಾದಲ್ಲೂ ಅಷ್ಟಕ್ಕಷ್ಟೇ. ಹುರುಳಿ, ತೊಗರಿ, ಅಲಸಂದೆಗಳಲ್ಲಿ ಅದು ಧಾರಾಳ. ಮುದ್ದೆಗೆ ಹುರುಳಿ ಸಾರು ಜೊತೆಯಾದದ್ದು ರುಚಿಗಷ್ಟೇ ಅಲ್ಲ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆದರೆ ಸಾರಿನಲ್ಲಿ ಕಾಳು ಇರಬೇಕು. ಬಸಿದ ನೀರಿನ ಸಾರಷ್ಟೇ ಉಂಡರೆ ಪ್ರೋಟೀನ್ ಪಾತ್ರೆಯಲ್ಲೇ ಉಳಿಯುತ್ತದೆ.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಎಂಬುದು ಭಾರತದಲ್ಲಿ 2020ರ ಶಿಫಾರಸು. 60 ಕೆ.ಜಿ. ತೂಕದವರಿಗೆ ಸುಮಾರು 50 ಗ್ರಾಂ. ಮಧುಮೇಹದಿಂದ ಕಿಡ್ನಿಗೆ ಪೆಟ್ಟು ಬಿದ್ದವರು ಮಾತ್ರ ಪ್ರೋಟೀನ್ ಎಷ್ಟಿರಬೇಕೆಂದು ವೈದ್ಯರನ್ನೇ ಕೇಳಬೇಕು. ಇನ್ನೊಂದು ಮಾತು: ರಾಗಿ ಎಂದ ಕೂಡಲೇ ಶುಗರ್‌ಗೆ ಎಷ್ಟಾದರೂ ಸರಿ ಎಂದಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವೇ. ಮುದ್ದೆಯ ಗಾತ್ರ ನೋಡಿಕೊಳ್ಳಿ.

ಅಮೈನೊ ಆಮ್ಲದ ಪುಡಿ ಇನ್ಸುಲಿನ್‌ಗೆ ಬದಲಿಯೇ?

ಖಂಡಿತ ಅಲ್ಲ. ಲ್ಯೂಸಿನ್, ಆರ್ಜಿನಿನ್‌ನಂಥವು ಆರೋಗ್ಯವಂತ ಮೇದೋಜೀರಕವನ್ನು ತಟ್ಟಿ ಸ್ವಲ್ಪ ಇನ್ಸುಲಿನ್ ಹೊರಡಿಸುತ್ತವೆ ಎಂಬುದು ನಿಜ. ಫಾರ್ವರ್ಡ್ ಹುಟ್ಟಿದ್ದು ಈ ಎಳೆಯಿಂದಲೇ ಇರಬಹುದು. ಆದರೆ ಟೈಪ್ 1ರವರಲ್ಲಿ ತಟ್ಟಿದರೂ ತೆರೆಯಲು ಒಳಗೆ ಯಾರೂ ಇಲ್ಲ. ಅಮೈನೊ ಆಮ್ಲಗಳು ಸಕ್ಕರೆ ಏರಿಸುವ ಗ್ಲೂಕಗಾನ್ ಎಂಬ ಹಾರ್ಮೋನನ್ನೂ ಹೊರಡಿಸುತ್ತವೆ. ಇನ್ನು ಟೈಪ್ 2ರವರ ರಕ್ತದಲ್ಲಿ ಈಗಾಗಲೇ ಖರ್ಚಾಗದೆ ಉಳಿದಿರುವ ಬಿಸಿಎಎಯನ್ನೇ ದುಡ್ಡು ಕೊಟ್ಟು ಮತ್ತೆ ಸುರಿಯುವುದರಲ್ಲಿ ಅರ್ಥವಿಲ್ಲ.

ಹಾಗೆಯೇ, ಶುಗರ್ ಪತ್ತೆಗೆ ಅಮೈನೊ ಆಮ್ಲದ ದುಬಾರಿ ಪರೀಕ್ಷೆ ಬೇಕಿಲ್ಲ. ಅದು ಮುಖ್ಯವಾಗಿ ಮಕ್ಕಳಲ್ಲಿನ ಕೆಲವು ಹುಟ್ಟು ಕಾಯಿಲೆಗಳ ಪತ್ತೆಗೆ ಮತ್ತು ಸಂಶೋಧನೆಗೆ ಬಳಸುವಂಥದ್ದು. ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ ಶೇ. 6.5 ಅಥವಾ ಹೆಚ್ಚು ಇದ್ದರೆ, ಮರುಪರೀಕ್ಷೆಯಲ್ಲೂ ಹಾಗೆಯೇ ಬಂದರೆ ಮಧುಮೇಹ. 100ರಿಂದ 125ರ ನಡುವೆ ಇದ್ದರೆ ಎಚ್ಚರಿಕೆಯ ಗಂಟೆ. ತಾಲೂಕು ಆಸ್ಪತ್ರೆಯಲ್ಲೇ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಬಹುದು.

ಇನ್ಸುಲಿನ್ ಚಟವೇ? ಮಾತ್ರೆ ಮಾಡಿ ಏಕೆ ಕೊಡುವುದಿಲ್ಲ?

ಚಟ ಎಂದರೆ ದೇಹಕ್ಕೆ ಬೇಡದ್ದನ್ನು ಮನಸ್ಸು ಬೇಡುವುದು. ಇನ್ಸುಲಿನ್ ಪ್ರತಿಯೊಬ್ಬರ ಮೈಯಲ್ಲೂ ಹುಟ್ಟುವ ವಸ್ತು. ಕಡಿಮೆಯಾದವರು ಹೊರಗಿನಿಂದ ತುಂಬಿಕೊಳ್ಳುತ್ತಾರೆ, ಅಷ್ಟೇ. ಅದು ಪ್ರೋಟೀನ್ ಆದ್ದರಿಂದ ನುಂಗಿದರೆ ಹೊಟ್ಟೆ ಅದನ್ನೂ ಶೇಂಗಾದ ಹಾಗೆ ಜೀರ್ಣಿಸಿಬಿಡುತ್ತದೆ. ಅದಕ್ಕೇ ಸೂಜಿ. ಸೊಪ್ಪಿನ ರಸದಲ್ಲಿ, ಕಷಾಯದಲ್ಲಿ "ಇನ್ಸುಲಿನ್ ಇದೆ" ಎನ್ನುವ ಸಂದೇಶಗಳನ್ನು ನಂಬಬಾರದೆನ್ನುವುದಕ್ಕೆ ಈ ಒಂದು ಕಾರಣವೇ ಸಾಕು.

ಪ್ರೋಟೀನ್ ಆದ್ದರಿಂದ ಬಿಸಿಲಿಗೆ ಕೆಡುತ್ತದೆ ಕೂಡ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಬೈಕಿನ ಬಾಕ್ಸಿನಲ್ಲೋ ಕಿಟಕಿಯ ಪಕ್ಕದಲ್ಲೋ ಇಟ್ಟ ಬಾಟಲಿ ಕೆಲಸ ಮಾಡದೇ ಹೋಗಬಹುದು. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರ್‌ನಲ್ಲಿ ಬೇಡ. ಫ್ರಿಜ್ ಇಲ್ಲದಿದ್ದರೆ ಸುತ್ತ ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆ ತಂಪಾಗಿಡುತ್ತದೆ. ಬಾಟಲಿ ಒದ್ದೆಯಾಗದಂತೆ ಕವರಿನಲ್ಲಿಡಿ. ತೆರೆದದ್ದನ್ನು ಸಾಮಾನ್ಯವಾಗಿ 4 ವಾರದೊಳಗೆ ಮುಗಿಸಬೇಕು.

ತೂಕ ಇಳಿದರೆ ಖುಷಿಪಡಬೇಕೆ?

ಒಂದು ಸಂದರ್ಭ ಊಹಿಸಿಕೊಳ್ಳಿ. ಶುಗರ್ ಇರುವ ನೇಕಾರರೊಬ್ಬರು ಫಾರ್ವರ್ಡ್ ಓದಿ ಸೂಜಿ ಬಿಟ್ಟು ಕಷಾಯ ಹಿಡಿಯುತ್ತಾರೆ. ತಿಂಗಳೊಳಗೆ ಆರು ಕೆ.ಜಿ. ಇಳಿಯುತ್ತದೆ. "ಹಗುರಾಗಿದ್ದೀರಿ" ಎಂದು ಎಲ್ಲರೂ ಹೊಗಳುತ್ತಾರೆ. ಆದರೆ ಮಗ್ಗದ ಕಾಲುಮಣೆ ತುಳಿಯಲು ತೊಡೆಯಲ್ಲಿ ಶಕ್ತಿಯಿಲ್ಲ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕು, ಎಷ್ಟು ನೀರು ಕುಡಿದರೂ ದಾಹ. ಇದು ಕಾಯಿಲೆ ವಾಸಿಯಾಗುತ್ತಿರುವ ಲಕ್ಷಣವಲ್ಲ, ಸ್ನಾಯು ಕರಗಿ ಹೋಗುತ್ತಿರುವ ಲಕ್ಷಣ.

ನಡೆದು, ದುಡಿದು, ಊಟ ಹಿತಮಿತ ಮಾಡಿ ಇಳಿಸಿದ ತೂಕ ಒಳ್ಳೆಯದು. ಪ್ರಯತ್ನವೇ ಇಲ್ಲದೆ ಇಳಿಯುವ ತೂಕ ಪರೀಕ್ಷೆ ಮಾಡಿಸಬೇಕಾದ ತೂಕ. ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು, ಬಾಯಲ್ಲಿ ಕಳಿತ ಹಣ್ಣಿನಂಥ ವಾಸನೆ, ಮಂಪರು ಇವುಗಳಲ್ಲಿ ಯಾವುದಾದರೂ ಕಂಡರೆ ಕಾಯಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ಇನ್ಸುಲಿನ್ ಸಕ್ಕರೆಯನ್ನಷ್ಟೇ ಅಲ್ಲ, ಸ್ನಾಯುವನ್ನೂ ಕಾಯುತ್ತದೆ.
• ಶುಗರ್ ಇದ್ದವರ ರಕ್ತದಲ್ಲಿ ಅಮೈನೊ ಆಮ್ಲ ಏರುವುದು ಕಾಯಿಲೆಯ ಗುರುತು. ಬೇಳೆ, ಶೇಂಗಾ ತಿಂದ ತಪ್ಪಲ್ಲ.
• ಒಂದು ಹಿಡಿ ಶೇಂಗಾ, ಕಾಳಿರುವ ಸಾರು, ಅಳತೆಯ ಮುದ್ದೆ ತಿನ್ನಬಹುದು. ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳಿ.
• ಯಾವ ಪುಡಿಯೂ, ಕಷಾಯವೂ ಇನ್ಸುಲಿನ್‌ಗೆ ಬದಲಿಯಲ್ಲ.
• ವೈದ್ಯರನ್ನು ಕೇಳದೆ ಇನ್ಸುಲಿನ್ ಅಥವಾ ಮಾತ್ರೆ ನಿಲ್ಲಿಸಬೇಡಿ.

ಸೂಜಿ ಬಿಡಿ ಎನ್ನುವ ಸಂದೇಶ ನಿಮ್ಮ ಗುಂಪಿಗೆ ಬಂದರೆ ಸುಮ್ಮನೆ ಸರಿಸಿ ಮುಂದೆ ಹೋಗಬೇಡಿ. ಅದನ್ನು ಓದುತ್ತಿರುವವರಲ್ಲಿ ಯಾರ ಮನೆಯಲ್ಲಿ ಟೈಪ್ 1 ಇರುವ ಮಗುವಿದೆಯೋ ನಮಗೆ ಗೊತ್ತಿರುವುದಿಲ್ಲ. ಅದರ ಕೆಳಗೇ ಈ ಐದು ಸಾಲು ಹಾಕಿ.